ಹದಿನಾಲ್ಕನೇ ನಂಬರಿನ ಶೂ

"ಯಾರಪ್ಪಾ ಇವರ ಕಾಲಿಗೆ ಶೂ ಹಾಕಿದ್ದು?"

ಇಸ್ಯೋಂಗ್ ಯಾರನ್ನೂ ನೋಡಿ ಕೇಳಲಿಲ್ಲ. ಶವಪೆಟ್ಟಿಗೆಯ ಕಾಲ ಕಡೆಯ ಮುಚ್ಚಳವನ್ನು ಮೊಣಕೈಯಿಂದ ಎತ್ತಿ ಹಿಡಿದು, ಒಳಗಿನ ಬಿಳಿ ಬಟ್ಟೆಯ ನೆರಿಗೆ ಸರಿಮಾಡಲು ಬಗ್ಗಿದ್ದವನು ಹಾಗೆಯೇ ನಿಂತುಬಿಟ್ಟ. ಇಪ್ಪತ್ತೆರಡು ವರ್ಷಗಳಿಂದ ಫಿಲಿಪೀನ್ಸಿನ ಇಲೋಇಲೋ ಊರಿನ ಎಷ್ಟೋ ಜನರನ್ನು ತೊಳೆದು, ತಲೆ ಬಾಚಿ, ಬಟ್ಟೆ ತೊಡಿಸಿ ಮಣ್ಣಿಗೆ ಕಳಿಸಿದವನು ಅವನು. ಐದು ದಿನದ ಹಿಂದೆ ಮೇರೋನನ್ನೂ ಅವನೇ ಸಿದ್ಧಮಾಡಿದ್ದ. ಬಿಳಿ ಅಂಗಿ, ಕಪ್ಪು ಪ್ಯಾಂಟು, ಬೆರಳುಗಳ ನಡುವೆ ಜಪಮಾಲೆ, ಬರಿಗಾಲು. ಈಗ ನೋಡಿದರೆ ಆ ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ. ಪಾದದ ಗಂಟು ಮುಚ್ಚುವಷ್ಟು ಎತ್ತರದ್ದು, ಈಗ ಯಾವ ಅಂಗಡಿಯಲ್ಲೂ ಸಿಗದಂಥದ್ದು. ಅಡಿಯ ರಬ್ಬರು ಹಳೆಯ ಹಲ್ಲಿನ ಹಾಗೆ ಹಳದಿಗಟ್ಟಿತ್ತು. ಲೇಸು ಮಾತ್ರ ಹೊಸದು.

ಕಾಫಿ ಲೋಟಗಳ ತಟ್ಟೆ ಹಿಡಿದು ಬರುತ್ತಿದ್ದ ಲೋಲಿಂಗಳಿಗೆ ಆ ಮಾತು ಕೇಳಿಸಿತು. ಅವಳು ಸತ್ತವನ ಅಕ್ಕ. ಎಪ್ಪತ್ತು ದಾಟಿದರೂ ನಾಲಿಗೆಗೆ ವಯಸ್ಸಾಗಿರಲಿಲ್ಲ.

"ಶೂ? ಎಂಥ ಶೂ?" ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಬಂದು ಬಗ್ಗಿ ನೋಡಿದಳು. "ಅಯ್ಯೋ ನನ್ನ ದೇವರೇ! ತೆಗಿ, ಮೊದ್ಲು ತೆಗಿ! ಸತ್ತೋರು ಬರಿಗಾಲಲ್ಲೇ ಹೋಗ್ಬೇಕು ಅಂತ ನಿಂಗೆ ಹೇಳ್ಕೊಡ್ಬೇಕೇನೋ? ಶೂ ಹಾಕ್ಕೊಂಡ್ ಹೋದ್ರೆ ಮನೆ ತುಂಬಾ ನಡೀತಾನೇ ಇರ್ತಾರೆ. ನಮ್ಮ ದೊಡ್ಡಪ್ಪಂಗೆ ಬೂಟು ಹಾಕಿ ಮುಚ್ಬಿಟ್ರು. ವರ್ಷ ಪೂರ್ತಿ ಮೆಟ್ಟಿಲ ಮೇಲೆ ಧಡ್ ಧಡ್ ಧಡ್. ದೊಡ್ಡಮ್ಮ ಕೊನೆಗೆ ಆ ಮನೇನೇ ಬಿಟ್ಲು."

"ರಸ್ತೆ ಅಗಲ ಮಾಡೋಕೆ ಆ ಮನೆ ಒಡೆದ್ರು ಅಂತ ಕೇಳಿದ್ದೆ, ಮನಾಂಗ್," ಎಂದ ಇಸ್ಯೋಂಗ್, ಅವಳನ್ನು ಅಕ್ಕನೆಂದು ಕರೆದು.

"ಅದು ಆಮೇಲೆ. ನೀನು ಮೊದ್ಲು ಶೂ ಬಿಚ್ಚು."

"ನಾನೇ ಹಾಕಿದ್ದು, ಮನಾಂಗ್."

ಅಡುಗೆಮನೆಯ ಬಾಗಿಲಲ್ಲಿ ಪೂರಿಂಗ್ ನಿಂತಿದ್ದಳು. ಕಪ್ಪು ಉಡುಪು, ಕೈಯಲ್ಲಿ ಒದ್ದೆ ಬಟ್ಟೆ. ಬೆಳಗಿನ ಪ್ರಾರ್ಥನೆಯ ಹೆಂಗಸರು ಅಂಗಳದಲ್ಲಿ ಗಂಜಿ ಕುಡಿಯುತ್ತಿದ್ದಾಗ ಅವಳೊಬ್ಬಳೇ ಗಂಡನ ಹತ್ತಿರ ಉಳಿದಿದ್ದಳು. ಆಗಲೇ ಹಾಕಿದ್ದಳು. ಐದು ದಿನದ ಕಾಲು ಮಣಿಯುವುದಿಲ್ಲ. ಮೊದಲು ಲೇಸನ್ನೆಲ್ಲ ಎಳೆದು ತೆಗೆದು, ಶೂವಿನ ನಾಲಿಗೆಯನ್ನು ಹಿಂದಕ್ಕೆ ಮಗುಚಿ, ಕೂಸಿಗೆ ಕಾಲುಚೀಲ ತೊಡಿಸುವ ಹಾಗೆ ಸ್ವಲ್ಪ ಸ್ವಲ್ಪವೇ ತೂರಿಸಿ, ಮತ್ತೆ ಒಂದೊಂದೇ ತೂತಿಗೆ ಲೇಸು ಪೋಣಿಸಿ ಕಟ್ಟಿದ್ದಳು. ಎರಡು ಕಾಲಿಗೂ ಸೇರಿ ಅರ್ಧ ಗಂಟೆ ಹಿಡಿದಿತ್ತು.

"ನಿಂಗೇನು ತಲೆ ಕೆಟ್ಟಿದೆಯೇನೇ?" ಎಂದಳು ಲೋಲಿಂಗ್.

"ಇರ್ಲಿ ಬಿಡಿ."

"ಏನ್ ಇರ್ಲಿ? ಈ ಮನೇಲಿ ಒಬ್ಳೇ ಇರೋಳು ನೀನು. ನಾಳೆ ನಿಂಗೇ ಅಲ್ವಾ ಆ ಹೆಜ್ಜೆ ಕೇಳ್ಸೋದು?"

ಪೂರಿಂಗ್ ಒದ್ದೆ ಬಟ್ಟೆಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು. ಮುಚ್ಚಳ ಕೊನೆಯ ಸಲ ಬೀಳುವಾಗ ಆ ಶೂ ಅವನ ಕಾಲಲ್ಲಿರಬೇಕು. ಈ ದಿನದಿಂದ ಅವಳು ಬೇಡಿದ್ದು ಅಷ್ಟೇ. ಹೂವು ಯಾವುದು, ವ್ಯಾನು ಯಾವುದು, ಪಾದ್ರಿ ಯಾರು, ಎಲ್ಲವನ್ನೂ ಉಳಿದವರಿಗೆ ಬಿಟ್ಟಿದ್ದಳು.

ಇಸ್ಯೋಂಗ್ ಗಡಿಯಾರ ನೋಡಿದ. ಅವನದು ಎರಡು ಕಡೆಯವರನ್ನೂ ನೋಡಿಕೊಂಡು ಬದುಕುವ ಕಸುಬು. "ಈಗ ಹೊತ್ತಾಯ್ತು. ಒಂಬತ್ತಕ್ಕೆ ಯೂನಿವರ್ಸಿಟಿಯವರು ಕಾಯ್ತಿರ್ತಾರೆ. ಸಮಾಧಿ ಹತ್ರ ಕೊನೇ ಸಲ ಪೆಟ್ಟಿಗೆ ತೆಗೀತೀನಲ್ಲ, ಆಗ ಬಿಚ್ಚಿದ್ರಾಯ್ತು."

"ಮರೆತೀಯ ಮತ್ತೆ."

"ಜಪಮಾಲೆ ಕತ್ತರಿಸೋದು, ಶೂ ಬಿಚ್ಚೋದು. ಎರಡೂ ನನ್ನ ಕೆಲ್ಸಾನೇ, ಮನಾಂಗ್."

ಪೂರಿಂಗ್ ಒದ್ದೆ ಬಟ್ಟೆ ಹಿಡಿದು ಅಡುಗೆಮನೆಯೊಳಕ್ಕೆ ತಿರುಗಿದಳು.

*

ನಲವತ್ತು ವರ್ಷದ ಹಿಂದೆ ಮೇರೋ, ಪೂರ್ತಿ ಹೆಸರು ಬಾಲ್ದೋಮೇರೋ ಗುಂಬಾನ್, ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದ. ನಂಬರು ಹದಿನಾಲ್ಕು. ಓದು ಉಚಿತ, ಊಟ ಉಚಿತ, ವರ್ಷಕ್ಕೊಂದು ಜೊತೆ ಶೂ ಉಚಿತ. ಬದಲಿಗೆ ದಿನಾ ಬೆಳಗ್ಗೆ ಐದಕ್ಕೆ ಎದ್ದು ಓಡಬೇಕು, ಪಂದ್ಯದ ದಿನ ಬೆಂಚಿನ ತುದಿಯಲ್ಲಿ ಕೂರಬೇಕು. ಮೂರು ವರ್ಷ ಕೂತ. ಅಂಕಣಕ್ಕೆ ಒಮ್ಮೆಯೂ ಇಳಿಯಲಿಲ್ಲ. ತಂಡಕ್ಕೆ ಹನ್ನೆರಡು ಜನ ಬೇಕು, ಕೋಚ್ ಸಾಲ್ದಾನ್ಯಾ ಆಡಿಸುತ್ತಿದ್ದದ್ದು ಏಳು ಜನರನ್ನು.

ಸಾಲ್ದಾನ್ಯಾ ಒಳ್ಳೆಯ ಮನುಷ್ಯ, ಆದರೆ ಶಕುನ ನಂಬುವವನು. ಗೆಲ್ಲುತ್ತಿರುವಾಗ ಏನನ್ನೂ ಬದಲಿಸುವಂತಿಲ್ಲ. ಬೆವರಿನ ಟವೆಲ್ಲನ್ನೂ, ಕಾಲುಚೀಲವನ್ನೂ, ಕೂತ ಜಾಗವನ್ನೂ. ಇನ್ನೊಂದು ನಿಯಮವನ್ನು ತನ್ನ ಕೈಯಾರೆ ರಟ್ಟಿನ ಮೇಲೆ ಬರೆದು ಬಟ್ಟೆ ಬದಲಿಸುವ ಕೋಣೆಯಲ್ಲಿ ತೂಗುಹಾಕಿದ್ದ. ಕೊನೆಯ ಸೀಟಿ ಊದುವ ಮುಂಚೆ ಶೂ ಲೇಸು ಬಿಚ್ಚಿದವನು ಈ ಬೆಂಚಿನ ಮೇಲೆ ಮತ್ತೆ ಕೂರತಕ್ಕದ್ದಲ್ಲ. ಲೇಸು ಬಿಚ್ಚುವುದೆಂದರೆ, ನನ್ನನ್ನು ಕರೆಯುವುದಿಲ್ಲವೆಂದು ಆಟಗಾರನೇ ತೀರ್ಮಾನಿಸಿದ ಹಾಗೆ. ಅದಕ್ಕಿಂತ ದೊಡ್ಡ ಅವಮಾನ ಕೋಚಿಗೆ ಬೇರೆ ಇರಲಿಲ್ಲ.

ಆ ವರ್ಷದ ಫೈನಲ್ಲಿನ ಮೂರನೇ ಭಾಗದಲ್ಲಿ ಒಕ್ತಾವ್ಯೋ ಪಾಲ್ಮಾರೆಸನ ಎಡಗಾಲಿನ ಶೂ ಬಾಯಿ ಬಿಟ್ಟಿತು. ಬೆರಳಿನಿಂದ ಹಿಮ್ಮಡಿಯವರೆಗೆ ಅಡಿಯೇ ಕಿತ್ತು ನೇತಾಡಿತು. ತಂಡ ನಿಂತಿದ್ದದ್ದು ತಾವ್ಯೋನ ಮೇಲೆ. ಅವನು ಬೆಂಚಿಗೆ ಬಂದು ತುದಿಯಲ್ಲಿ ಕೂತ. ಮುಖ ಬಿಳಚಿಕೊಂಡಿತ್ತು.

"ನಿಂದೂ ಒಂಬತ್ತೂವರೆ ಸೈಜು ಅಲ್ವಾ?" ಎಂದ ಪಿಸುಮಾತಿನಲ್ಲಿ.

ಮೇರೋ ತನ್ನ ಕಾಲು ನೋಡಿಕೊಂಡ. ನಂತರ ಮಡಿಲಿನ ದೊಡ್ಡ ಟವೆಲ್ಲನ್ನು ಇಬ್ಬರ ಮೊಣಕಾಲುಗಳ ಮೇಲೂ ಹರಡಿದ. ಅದರ ಮರೆಯಲ್ಲಿ ನಾಲ್ಕು ಕೈ ನಾಲ್ಕು ಗಂಟು ಬಿಚ್ಚಿ ಎರಡು ಕಟ್ಟಿದವು. ಕೋಚ್ ಅತ್ತ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬಾಣ ಎಳೆಯುತ್ತಿದ್ದ. ಹರಿದ ಜೋಡಿ ಬೆಂಚಿನ ಕೆಳಗೆ ಹೋಯಿತು.

ಆಟ ಮುಗಿಯಲು ಎರಡು ನಿಮಿಷ ಇದ್ದಾಗ ಒಬ್ಬ ಐದನೇ ಫೌಲು ಮಾಡಿ ಆಟದಿಂದ ಹೊರಬಿದ್ದ. ಇನ್ನೊಬ್ಬನಿಗೆ ಆಗಲೇ ಕಾಲು ಉಳುಕಿತ್ತು. ಸಾಲ್ದಾನ್ಯಾ ಬೆಂಚಿನತ್ತ ತಿರುಗಿದ. ಅವನ ಕಣ್ಣು ಒಬ್ಬೊಬ್ಬರನ್ನೇ ದಾಟಿಕೊಂಡು ತುದಿಗೆ ಬಂತು.

"ಹದಿನಾಲ್ಕು!"

ಮೇರೋ ಎದ್ದು ನಿಂತ. ಮೂರು ವರ್ಷದಲ್ಲಿ ಮೊದಲ ಸಲ ಅವನ ನಂಬರು ಆ ಬಾಯಿಂದ ಬಂದಿತ್ತು. ಎದ್ದ ಮೇಲೇ ಅವನಿಗೂ ನೆನಪಾದದ್ದು. ಕೋಚನ ಕಣ್ಣು ಮೆಲ್ಲಗೆ ಕೆಳಗಿಳಿದು, ಬಿಳಿಯ ಕಾಲುಚೀಲಗಳ ಮೇಲೆ ನಿಂತಿತು. ಅವುಗಳೊಳಗೆ ಹತ್ತು ಬೆರಳೂ ಎದ್ದು ಕಾಣುತ್ತಿದ್ದವು.

ಸಾಲ್ದಾನ್ಯಾ ಪಕ್ಕದವನನ್ನು ಕಳಿಸಿದ.

ಪಂದ್ಯ ಗೆದ್ದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಶೂಗಳು ತಮ್ಮ ತಮ್ಮ ಒಡೆಯರಿಗೆ ಮರಳಿದವು. ತಾವ್ಯೋ ತನ್ನ ಹರಿದ ಶೂ ಹಿಡಿದು ಕೂತಿದ್ದಾಗ ಪತ್ರಿಕೆಯವರು ನುಗ್ಗಿದರು. "ಇದನ್ನ ಹಾಕ್ಕೊಂಡೇ ಆಡಿದ್ರಾ?" ಎಂದು ಯಾರೋ ಕೇಳಿದರು. ಅವನು ತಲೆಯಾಡಿಸಿದ. ಆ ಕ್ಷಣದಲ್ಲಿ ಅವನು ಮಾಡಿದ್ದು ಅಷ್ಟೇ. ಮರುದಿನ ಪತ್ರಿಕೆಯಲ್ಲಿ ಅವನಿಗಿಂತ ಆ ಶೂ ದೊಡ್ಡದಾಗಿ ಕಾಣುತ್ತಿತ್ತು. ವಾರದೊಳಗೆ ಅವನನ್ನು ಮನಿಲಾದ ದೊಡ್ಡ ತಂಡವೊಂದು ಕರೆಸಿಕೊಂಡಿತು. ಅದೇ ವಾರ ಕೋಣೆಯ ಬಾಗಿಲಿಗೆ ಅಂಟಿಸಿದ ಮುಂದಿನ ವರ್ಷದ ಪಟ್ಟಿಯಲ್ಲಿ ಹದಿನಾಲ್ಕರ ಎದುರು ಬೇರೆ ಹೆಸರಿತ್ತು.

ಓದು ನಿಂತಿತು. ಯೂನಿವರ್ಸಿಟಿಯ ಒಳಾಂಗಣ ಕ್ರೀಡಾಂಗಣದಲ್ಲಿ ನೆಲ ಒರೆಸುವವನ ಜಾಗ ಖಾಲಿ ಇತ್ತು.

*

ಆರು ಜನ ಆಟಗಾರರು ಪೆಟ್ಟಿಗೆ ಹೊತ್ತು ಒಳಾಂಗಣದ ಬಾಗಿಲು ದಾಟಿದರು. ಹಸಿರು ಜೆರ್ಸಿ, ಕಪ್ಪು ಪ್ಯಾಂಟು. ಎಲ್ಲರೂ ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸುವಷ್ಟು ಎತ್ತರದವರು. ಅಂಕಣದ ಗೆರೆಯ ಹತ್ತಿರ ಬಂದವರೇ, ಯಾರೂ ಹೇಳದೆ, ನಿಂತರು. ಹೆಗಲ ಮೇಲಿನ ಭಾರ ಅಲುಗದ ಹಾಗೆ ಒಂದು ಕಾಲಿನಿಂದ ಇನ್ನೊಂದು ಕಾಲಿನ ಶೂ ಒತ್ತಿ ಕಳಚಿದರು. ಹನ್ನೆರಡು ಕರಿ ಶೂ ಗೆರೆಯ ಆಚೆ ಉಳಿದವು.

"ಇದೇನು, ಗದ್ದೆಗೆ ಇಳೀತಿದಾರಾ?" ಎಂದಳು ಲೋಲಿಂಗ್.

"ರಸ್ತೇಲಿ ಹಾಕೋ ಶೂನಲ್ಲಿ ಈ ನೆಲ ಮುಟ್ಟಂಗಿಲ್ಲ, ನಾಂಗ್," ಎಂದ ಕ್ಯಾಪ್ಟನ್ ಡ್ವೇನ್, ಹೆಗಲು ಕೊಟ್ಟುಕೊಂಡೇ. ಹುಡುಗರ ಬಾಯಲ್ಲಿ ಅಕ್ಕ ಎಂದರೆ ನಾಂಗ್, ಅಣ್ಣ ಎಂದರೆ ನೋಂಗ್. "ನೋಂಗ್ ಮೇರೋ ಮಾಡಿದ ರೂಲ್ಸು. ಇವತ್ತು ತಪ್ಪಿಸಿದ್ರೆ ಎದ್ದು ಕೂತ್ಕೊಂಡ್ ಬೈತಾರೆ."

ಯಾರೋ ಕಿಸಕ್ಕೆಂದರು. ಲೋಲಿಂಗ್ ಗೊಣಗುತ್ತ ತನ್ನ ಚಪ್ಪಲಿಯನ್ನೂ ಬಿಟ್ಟಳು. ಪೆಟ್ಟಿಗೆಯನ್ನು ಅಂಕಣದ ನಡುವಿನ ವೃತ್ತದಲ್ಲಿ ಇಳಿಸಿದರು.

ಮೂವತ್ತೆಂಟು ವರ್ಷ ಮೇರೋ ಈ ನೆಲ ಒರೆಸಿದ. ಆಟದ ನಡುವೆ ಯಾರಾದರೂ ಬಿದ್ದರೆ, ಬಿದ್ದವನು ಏಳುವ ಮೊದಲೇ ಟವೆಲ್ ಹಿಡಿದು ಬರಿಗಾಲಲ್ಲಿ ಓಡಿ ಬಂದು, ಬೆವರಿನ ಗುರುತು ಒರೆಸಿ, ಸೀಟಿ ಊದುವುದರೊಳಗೆ ಗೆರೆಯಾಚೆ ಹೋಗುತ್ತಿದ್ದ. ನೋಡುವವರ ಕಣ್ಣಿಗೆ ಅವನು ಬೀಳುತ್ತಿರಲಿಲ್ಲ. ಹುಡುಗರಿಗೆ ಮಾತ್ರ ಗೊತ್ತಿತ್ತು.

"ನಾನು ಬಿದ್ದಾಗ್ಲೆಲ್ಲ ಕಿವಿ ಹತ್ರ ಹೇಳೋರು," ಎಂದು ಡ್ವೇನ್ ಪೂರಿಂಗಳ ಪಕ್ಕ ಕೂತು ಹೇಳಿದ. "'ಎಡಗಡೆ ಜಾಸ್ತಿ ವಾಲ್ತೀಯ ಕಣೋ, ದಿನಾ ಒಂದೇ ಜಾಗ ಒರೆಸಿ ಒರೆಸಿ ನಂಗೆ ಸಾಕಾಯ್ತು' ಅಂತ. ಕೋಚ್‌ಗೆ ಗೊತ್ತಾಗೋ ಮೊದ್ಲೇ ಅವರಿಗೆ ಗೊತ್ತಾಗಿತ್ತು."

"ನಾನೂ ಇಲ್ಲೇ ಇದೀನಪ್ಪ," ಎಂದ ಈಗಿನ ಕೋಚ್ ಜೆರಿಕ್ ಹಿಂದಿನ ಸಾಲಿನಿಂದ.

ಆಗ ಅಂಕಣದ ಮೇಲೆ ಟಕ್ ಟಕ್ ಟಕ್ ಎಂದು ಚರ್ಮದ ಶೂ ಸದ್ದು ಬಂತು. ಪೂರಿಂಗ್ ತಿರುಗದೆಯೇ ಗುರುತಿಸಿದಳು. ಭಾರದ ಮನುಷ್ಯ, ಬಲಗಾಲು ತುಸು ಎಳೆಯುತ್ತಾನೆ, ದಾರಿ ಬಿಡುತ್ತಾರೆಂದು ಗೊತ್ತಿರುವವನ ನಡಿಗೆ. ಒಕ್ತಾವ್ಯೋ ಪಾಲ್ಮಾರೆಸ್. ಹತ್ತು ವರ್ಷ ಮನಿಲಾದಲ್ಲಿ ಆಡಿ, ಮೊಣಕಾಲು ಕೆಟ್ಟು, ಊರಿಗೆ ಬಂದು ಟಯರು ಅಂಗಡಿ ಇಟ್ಟವನು. ಯೂನಿವರ್ಸಿಟಿಯ ಯಾವ ಸಮಾರಂಭಕ್ಕೂ ಮೊದಲ ಕುರ್ಚಿ ಅವನದು.

ಡ್ವೇನ್ ಎದ್ದುಹೋಗಿ ಅವನ ಕಿವಿಯಲ್ಲಿ ಏನೋ ಹೇಳಿದ.

"ನಾನೂನಾ?"

"ನೋಂಗ್ ಮೇರೋ ಬಿಷಪ್ಪರ ಕೈಲೂ ಬಿಚ್ಚಿಸಿದ್ರು, ಸರ್."

ತಾವ್ಯೋ ನಗಲು ನೋಡಿ, ಬಗ್ಗಿ ಶೂ ಬಿಚ್ಚಿದ. ಎಡಗಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಅದನ್ನು ಮುಚ್ಚಲು ಇನ್ನೊಂದು ಪಾದವನ್ನು ಅದರ ಮೇಲಿಟ್ಟುಕೊಂಡು ಮೈಕಿನ ಮುಂದೆ ನಿಂತ.

"ಮೇರೋ ಮತ್ತು ನಾನು ಒಂದೇ ಬೆಂಚಿನ ಮೇಲೆ ಕೂತೋರು," ಎಂದು ಶುರುಮಾಡಿದ. "ಅವನು ಆಡಿದ್ದು ಕಮ್ಮಿ. ಆಡ್ಲೇ ಇಲ್ಲ ಅನ್ನಿ. ಆದ್ರೆ ಅಂಥ ತಂಡದ ಮನುಷ್ಯನ್ನ ನಾನು ನೋಡಿಲ್ಲ. ಎಂಬತ್ಮೂರರ ಫೈನಲ್ಲು. ನಿಮಗೆಲ್ಲ ಗೊತ್ತು, ನನ್ನ ಎಡಗಾಲಿನ ಶೂ ಹರಿದು..."

ಪೂರಿಂಗ್ ತಲೆಯೆತ್ತಿ ನೋಡಿದಳು. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ. ಚರ್ಚಿನಲ್ಲಿ ಪದ್ಯ ಓದುವವರು ಮುಂದಿನ ಸಾಲಿಗೆ ಬರುವುದನ್ನು ಕಾಯುವ ಹಾಗೆ ಕಾಯುತ್ತಿದ್ದಳು. ತಾವ್ಯೋನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು.

"ಅದೆಲ್ಲ ಗೊತ್ತಿರೋ ಕಥೆ ಬಿಡಿ," ಎಂದವನೇ ಮೈಕು ಬಿಟ್ಟು ಕೂತ.

ಗೋಡೆಯ ಪಕ್ಕದ ಗಾಜಿನ ಕಪಾಟಿನಲ್ಲಿ ಆ ವರ್ಷದ ಟ್ರೋಫಿ, ಚೆಂಡು, ಮತ್ತು ಬಿಳಿ ಟೇಪು ಸುತ್ತಿದ ಒಂದು ಹರಿದ ಶೂ ಇದ್ದವು. ಇದನ್ನು ತೊಟ್ಟು ಒಕ್ತಾವ್ಯೋ ಪಾಲ್ಮಾರೆಸ್ ಗೆದ್ದ ಎಂಬ ಚೀಟಿಯೂ ಇತ್ತು. ಹೊಸದಾಗಿ ತಂಡಕ್ಕೆ ಸೇರಿದವರನ್ನು ಮೊದಲ ದಿನವೇ ಅದರ ಮುಂದೆ ಕರೆದೊಯ್ದು ನಿಲ್ಲಿಸುವುದು ವಾಡಿಕೆ. ಪ್ರತಿ ಶನಿವಾರ ಆ ಗಾಜು ಒರೆಸುತ್ತಿದ್ದವನು ಮೇರೋ.

ಹೊರಡುವಾಗ ಕೋಚ್ ಜೆರಿಕ್ ಪೂರಿಂಗಳ ಹತ್ತಿರ ಬಂದ. "ನಾಂಗ್, ಆ ಕಪಾಟಲ್ಲಿ ನೋಂಗ್ ಮೇರೋದೂ ಏನಾದ್ರೂ ಇಡ್ಬೇಕು ಅಂತ ಹುಡುಗರ ಆಸೆ. ಟವೆಲ್ಲೋ, ಒಂದು ಫೋಟೋನೋ. ಏನಾದ್ರೂ ಇದ್ರೆ ಕೊಡ್ತೀರಾ?"

"ಟವೆಲ್ ಇದೆ," ಎಂದಳು.

*

ಪೂರಿಂಗಳಿಗೆ ಕಿವಿಯೇ ಕಣ್ಣು. ಹನ್ನೆರಡು ವರ್ಷದವಳಾಗಿದ್ದಾಗಿನಿಂದ ಅವಳು ಉಪವಾಸದ ವಾರದಲ್ಲಿ ಯೇಸುಪ್ರಭುವಿನ ಯಾತನೆಯ ಪದ್ಯಗಳನ್ನು ಹಾಡಿ ಓದುವ ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದಳು. ಕಣ್ಣು ಪುಸ್ತಕದ ಮೇಲೆ, ಕಿವಿ ಹಿಂದಿನ ಬಾಗಿಲ ಮೇಲೆ. ಒಳಬಂದವರು ಯಾರೆಂದು ಹೆಜ್ಜೆಯಿಂದಲೇ ತಿಳಿಯುತ್ತಿತ್ತು. ಇದು ಮೀನಿನವಳು, ಒದ್ದೆ ಚಪ್ಪಲಿ. ಇದು ಮೇಷ್ಟ್ರು, ಕೋಲು ಸೇರಿ ಮೂರು ಕಾಲು. ಓದುವ ಸಾಲು ತಪ್ಪುತ್ತಿರಲಿಲ್ಲ.

ಒಬ್ಬನದು ಮಾತ್ರ ಕೇಳಿಸುತ್ತಿರಲಿಲ್ಲ. ಪದ್ಯ ಮುಗಿಸಿ ತಿರುಗಿದರೆ ಕೊನೆಯ ಬೆಂಚಿನ ತುದಿಯಲ್ಲಿ ಅವನು ಕೂತಿರುತ್ತಿದ್ದ. ಯಾವಾಗ ಬಂದ? ಗೊತ್ತಿಲ್ಲ. ಬರಿಗಾಲು.

ಮದುವೆಯಾದ ಮೇಲೂ ಹಾಗೆಯೇ. ಒಳಾಂಗಣದ ನೆಲಕ್ಕೆ ಒಗ್ಗಿದ ಪಾದ ಮನೆಯ ಬಿದಿರಿನ ನೆಲದ ಮೇಲೂ ಸದ್ದು ಮಾಡುತ್ತಿರಲಿಲ್ಲ. ಸಂಜೆ ಒಲೆಯ ಮುಂದೆ ನಿಂತವಳು ತಿರುಗಿದರೆ ಬೆನ್ನ ಹಿಂದೆಯೇ ಇರುತ್ತಿದ್ದ, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು.

"ಒಂದಿನ ನನ್ನ ಎದೆ ನಿಂತೋಗುತ್ತೆ ನೋಡು! ಕೆಮ್ಮಕ್ಕೇನು ಧಾಡಿ ನಿಂಗೆ?"

"ಕೆಮ್ಮು ಬಂದಿಲ್ವಲ್ಲ."

"ಶೂನಾದ್ರೂ ಹಾಕ್ಕೊಂಡ್ ಬಾ ಮಾರಾಯ. ಗಂಡ ಬರೋ ಸದ್ದಿಗೆ ಅನ್ನ ಇಳಿಸೋ ಭಾಗ್ಯ ಎಲ್ಲರ ಮನೇಲೂ ಇದೆ, ನಂಗಿಲ್ಲ."

ಅವನು ನಕ್ಕು ಬ್ರೆಡ್ಡು ಮುರಿಯುತ್ತಿದ್ದ.

ಶೂ ಇರಲಿಲ್ಲವೆಂದಲ್ಲ. ಬೀರುವಿನ ಕೆಳಗೆ, ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಜೊತೆ ಇತ್ತು. ಪ್ರತಿ ವರ್ಷ ಆಟದ ಕಾಲ ಶುರುವಾಗುವ ಮುನ್ನ ಅದನ್ನು ಹೊರತೆಗೆದು, ಸೋಪಿನ ನೀರಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಸೀಮೆಸುಣ್ಣ ತಿಕ್ಕಿ ಬಿಳಿ ಮಾಡಿ ಮತ್ತೆ ಒಳಗಿಡುತ್ತಿದ್ದ. ಮದುವೆಯಾದ ನಾಲ್ಕನೇ ವರ್ಷ ಪೂರಿಂಗ್ ಅದರ ನಾಲಿಗೆಯ ಒಳಬದಿಯಲ್ಲಿ ಮಸಿಯಿಂದ ಬರೆದ 14 ನೋಡಿದಳು. ಕೇಳಿದಳು. ಅವನು ಹೇಳಿದ. ಒಂದೇ ಸಲ, ಇದ್ದದ್ದು ಇದ್ದ ಹಾಗೆ, ಬೇರೆ ಯಾರದೋ ಕಥೆಯಂತೆ.

ಅವಳು ಧಡಕ್ಕನೆ ಎದ್ದಳು. "ನಾಳೆನೇ ಹೋಗಿ ಆ ಕಪಾಟು ಒಡೀತೀನಿ ನಾನು!"

"ಬೇಡ. ಅವನು ಚೆನ್ನಾಗಿ ಆಡಿದ ಕಣೇ. ಆಡಿದ್ದು ಅವನೇ. ಶೂ ಏನು ಆಡುತ್ತಾ?"

"ನಿನ್ನ ಬಾಳು ಹೋಯ್ತಲ್ಲ."

ಅವನು ಸೀಮೆಸುಣ್ಣದ ಕೈ ಕೊಡವಿಕೊಂಡ. ಆಮೇಲೆ, ಅವಳಿಗಲ್ಲದೆ ಬಾಗಿಲಿಗೆ ಹೇಳುವವನ ಹಾಗೆ, "ಹದಿನಾಲ್ಕು ಅಂದ್ರು," ಎಂದ. "ಅಷ್ಟು ಗಲಾಟೇಲೂ ಕೇಳಿಸ್ತು ನಂಗೆ."

ಅಂದಿನಿಂದ ಪಂದ್ಯಗಳಿಗೆ ಹೋದಾಗ ಅವಳು ಚೆಂಡನ್ನು ನೋಡಲಿಲ್ಲ. ಗೆರೆಯ ಪಕ್ಕದ ಪುಟ್ಟ ಸ್ಟೂಲಿನ ಮೇಲೆ ಟವೆಲ್ ಹಿಡಿದು ಕೂತವನ ಪಾದಗಳನ್ನು ನೋಡುತ್ತಿದ್ದಳು. ಎಷ್ಟೋ ಕೋಚುಗಳು ಬಂದರು, ಹೋದರು. ಯಾವ ಕೋಚು ಬೆಂಚಿನತ್ತ ತಿರುಗಿ ಯಾರನ್ನು ಕರೆಯಲೆಂದು ಕಣ್ಣಾಡಿಸಿದರೂ, ಸ್ಟೂಲಿನ ಮೇಲಿನವನ ಎರಡು ಹಿಮ್ಮಡಿಗಳೂ ನೆಲದಿಂದ ಒಂದಿಷ್ಟು ಮೇಲೇಳುತ್ತಿದ್ದವು. ಇನ್ನೊಬ್ಬನ ನಂಬರು ಕೂಗಿದ ಮೇಲೆ ಇಳಿಯುತ್ತಿದ್ದವು. ಇಪ್ಪತ್ತೊಂಬತ್ತರ ವಯಸ್ಸಿನಲ್ಲೂ, ಐವತ್ತೊಂಬತ್ತರಲ್ಲೂ. ಅವನಿಗೆ ಅದು ತಿಳಿದಿತ್ತೋ ಇಲ್ಲವೋ, ಅವಳು ಕೇಳಲಿಲ್ಲ.

ಸತ್ತದ್ದೂ ಸದ್ದಿಲ್ಲದೆ. ಜೀಪ್ನಿ ಎಂಬ ಸವಾರಿ ಗಾಡಿಗೆ ಕಾಯುತ್ತ ಕೂತಿದ್ದವನು ಪಕ್ಕದವನ ಹೆಗಲಿಗೆ ಒರಗಿದ. ನಿದ್ದೆ ಬಂದಿರಬೇಕೆಂದು ಆ ಮನುಷ್ಯ ಎರಡು ಗಾಡಿ ಬಿಟ್ಟನಂತೆ.

*

ಸ್ಮಶಾನದಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಪಾದ್ರಿ ಪವಿತ್ರ ಜಲ ಚಿಮುಕಿಸಿ, ಪ್ರಾರ್ಥನೆ ಮುಗಿಸಿ, ಕೊಡೆಯ ನೆರಳಿಗೆ ಸರಿದರು. ಇಸ್ಯೋಂಗ್ ತಲೆಯ ಕಡೆಯ ಮುಚ್ಚಳ ತೆರೆದು, ಸಣ್ಣ ಕತ್ತರಿಯಿಂದ ಬೆರಳುಗಳ ನಡುವಿನ ಜಪಮಾಲೆಯನ್ನು ತುಂಡರಿಸಿದ. ಈ ಸಾವಿನ ಹಿಂದೆ ಇನ್ನೊಂದು ಸಾವು ಪೋಣಿಸಿಕೊಂಡು ಬಾರದಿರಲಿ ಎಂದು. ನಂತರ ಕಾಲ ಕಡೆಯ ಮುಚ್ಚಳ ಎತ್ತಿದ.

ಹೂವು ಹಾಕಲು ಬಂದ ಆಟಗಾರರು ಬಗ್ಗಿ ನೋಡಿದರು. "ಎಲಾ, ಹಳೇ ಕಾಲದ ಶೂ," ಎಂದ ಒಬ್ಬ.

ಇಸ್ಯೋಂಗ್ ಬಲಗಾಲಿನ ಲೇಸಿನ ತುದಿ ಎಳೆದ. ಗಂಟು ಬಿಚ್ಚಿತು.

"ತಡಿ," ಎಂದರು ಯಾರೋ.

ಅದು ತಾವ್ಯೋ. ಕೈಯ ಹೂವು ಕೈಯಲ್ಲೇ ಇತ್ತು. ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿ, ಸಡಿಲಗೊಂಡ ಶೂವಿನ ನಾಲಿಗೆಯನ್ನು ಬೆರಳಿನಿಂದ ಹೊರಳಿಸಿದ. ಮಸಿ ಮಾಸಿತ್ತು, ಓದಲು ಬರುವಷ್ಟು ಉಳಿದಿತ್ತು.

"ಇನ್ನೂ ಇಟ್ಕೊಂಡಿದ್ನಾ?"

"ಏನ್ ಸರ್?" ಎಂದ ಕೋಚ್ ಜೆರಿಕ್.

ತಾವ್ಯೋ ತಿರುಗಿದ. ಹಸಿರು ಜೆರ್ಸಿಯ ಹುಡುಗರೆಲ್ಲ ಸುತ್ತ ನಿಂತಿದ್ದರು. "ಫೈನಲ್ಲು ಗೆದ್ದಿದ್ದು ಈ ಶೂ. ನಾನು ಹಾಕ್ಕೊಂಡಿದ್ದು ಇದನ್ನ."

"ನಿಮ್ಮದು ಗಾಜಿನ ಕಪಾಟಲ್ಲಿದೆಯಲ್ಲ ಸರ್," ಎಂದ ಡ್ವೇನ್. "ಟೇಪ್ ಸುತ್ತಿರೋದು."

"ಟೇಪು ಆಮೇಲೆ ಸುತ್ತಿದ್ದು."

ಪಕ್ಕದ ಸಮಾಧಿಯ ಮೇಣದಬತ್ತಿ ಬಿಸಿಲಿಗೆ ಬಾಗಿ ಮಲಗಿತ್ತು.

"ಅದ್ರಲ್ಲಿ ಒಂದು ಹೆಜ್ಜೆ ಇಡೋಕೂ ಆಗ್ತಿರ್ಲಿಲ್ಲ. ಇವನು ಬಿಚ್ಚಿ ಕೊಟ್ಟ. ಅದಕ್ಕೇ ಕೋಚ್ ಕರೆದಾಗ ಇವನ ಕಾಲಲ್ಲಿ ಶೂ ಇರ್ಲಿಲ್ಲ. ಸೊಕ್ಕಿಗೆ ಬಿಚ್ಚಿದ್ದಲ್ಲ."

"ಅಯ್ಯೋ!" ಎಂದಳು ಲೋಲಿಂಗ್. ಬೀಸಣಿಗೆ ಹಿಡಿದ ಕೈ ಮೇಲೆದ್ದಿತು. ಹೊಡೆದೇಬಿಡುತ್ತಾಳೆ ಎಂದುಕೊಂಡರು. "ನಮ್ಮಪ್ಪ ಸಾಯೋ ತನಕ ಬೈದ್ರಲ್ಲೋ ಇವನಿಗೆ! 'ಕೊಬ್ಬು, ಕೊಬ್ಬಿಂದ ಓದು ಕಳ್ಕೊಂಡ' ಅಂತ. ಒಂದೇ ಒಂದು ಮಾತು ಹೇಳೋಕೆ ನಿಂಗೇನಾಗಿತ್ತು?" ಕೈ ತಾನಾಗಿ ಇಳಿಯಿತು.

ತಾವ್ಯೋ ಪೂರಿಂಗಳ ಮುಂದೆ ಬಂದು ನಿಂತ. ದೊಡ್ಡ ಮೈ, ಬೆವರಿ ಕುಗ್ಗಿತ್ತು.

"ಪೂರಿಂಗ್, ಈ ಶೂ ನಂಗೆ ಕೊಡಿ. ಇಲ್ಲಿಂದ ಸೀದಾ ಹೋಗಿ ಆ ಹರಕನ್ನ ತೆಗೆದು ಇದನ್ನಿಡ್ತೀನಿ. ಇವನ ಹೆಸರು ಬರೆಸ್ತೀನಿ. ಹೊಸಬರು ಬಂದಾಗ್ಲೆಲ್ಲ ನಾನೇ ನಿಂತು ಹೇಳ್ತೀನಿ. ಇದು ಮಣ್ಣಿಗೆ ಹೋದ್ರೆ ಯಾರು ನಂಬ್ತಾರೆ?"

"ಕೊಡೇ," ಎಂದಳು ಲೋಲಿಂಗ್. "ದೇವರೇ ದಾರಿ ತೋರಿಸ್ದ. ಕಾಲಿಂದ ಶೂ ಬಿಚ್ಚಿದ ಹಾಗೂ ಆಯ್ತು, ನನ್ನ ತಮ್ಮನ ಹೆಸರೂ ಉಳೀತು."

"ಅದನ್ನೇ ನಡುವೆ ಇಡ್ತೀವಿ, ನಾಂಗ್," ಎಂದ ಜೆರಿಕ್. "ಟ್ರೋಫಿ ಪಕ್ಕ."

ಎಲ್ಲರೂ ಸರಿಯನ್ನೇ ಹೇಳುತ್ತಿದ್ದರು. ಪಾದ್ರಿಯೂ ಕೊಡೆಯ ಕೆಳಗಿನಿಂದ ತಲೆಯಾಡಿಸಿದರು. ಮೂವತ್ತು ವರ್ಷ ಅವಳು ಪ್ರಾರ್ಥನೆಯಲ್ಲಿ ಬೇಡಿದ್ದು ಈ ಮಾತನ್ನೇ, ಈ ಬಾಯಿಂದಲೇ. ಈಗ ಅದು ಬಂದು ಕೈಚಾಚಿ ನಿಂತಿತ್ತು. ಅವಳು ಗಂಡನ ಪಾದಗಳ ಹತ್ತಿರ ಹೋದಳು. ಇಸ್ಯೋಂಗ್ ಪಕ್ಕಕ್ಕೆ ಸರಿದ.

"ನೀವು ಹೇಳೋದನ್ನ ಹೇಳಿ, ಮನೋಂಗ್ ತಾವ್ಯೋ. ಹೇಳೋಕೆ ಶೂ ಬೇಡ."

"ಸಾಕ್ಷಿ ಬೇಡ್ವಾ?"

"ನಿಮ್ಮ ಬಾಯಿದೆಯಲ್ಲ."

"ಒಂದಾದ್ರೂ ಕೊಡಿ. ಎಡಗಾಲಿಂದು. ಒಂದೇ ಒಂದು."

"ಹಠ ಮಾಡ್ಬೇಡ್ವೇ," ಎಂದು ಲೋಲಿಂಗ್ ಅವಳ ತೋಳು ಹಿಡಿದಳು. "ಇವತ್ತಿಂದ ಆ ಮನೇಲಿ ಒಬ್ಳೇ ಮಲಗ್ಬೇಕು ನೀನು. ರಬ್ಬರು ಗಟ್ಟಿಯಾಗಿದೆ ನೋಡು. ಹೆಜ್ಜೆ ಸದ್ದು ಅಂಗಳದಿಂದ್ಲೇ ಕೇಳುತ್ತೆ. ಮೆಟ್ಟಿಲು ಹತ್ತುತ್ತೆ, ಒಲೆ ತನಕ ಬರುತ್ತೆ. ದಿನಾ ಬರುತ್ತೆ ಕಣೇ, ದಿನಾ."

ಪೂರಿಂಗ್ ತೋಳು ಬಿಡಿಸಿಕೊಂಡು ಬಗ್ಗಿದಳು. ಬಿಚ್ಚಿದ್ದ ಲೇಸಿನ ಎರಡು ತುದಿಗಳನ್ನೂ ಸಮಮಾಡಿ ಎಳೆದು, ಓಡುವಾಗಲೂ ಸಡಿಲವಾಗದ ಹಾಗೆ ಗಂಟಿನ ಮೇಲೆ ಗಂಟು ಹಾಕಿದಳು.

"ಒಂದನ್ನೂ ಕೊಡಲ್ಲ," ಎಂದಳು.